ಅಂಗಾಲಿಗೂ ಕಣ್ಣಿದೆ

1936ರಲ್ಲಿ ಮೈಸೂರಿನ ಯೋಗಗುರು ತಿರುಮಲೈ ಕೃಷ್ಣಮಾಚಾರ್ಯರು ಶಿಷ್ಯರನ್ನು ಕಟ್ಟಿಕೊಂಡು ಉತ್ತರ ಕರ್ನಾಟಕದ ಪ್ರವಾಸಕ್ಕೆ ಬಂದರು. ಧಾರವಾಡದಲ್ಲಿ ಯೋಗದ ಪ್ರದರ್ಶನ ನೋಡಿದ ಹೆಣ್ಣುಮಕ್ಕಳು ತಮಗೂ ಕಲಿಸಬೇಕೆಂದು ಕೇಳಿದರು. ಗಂಡಸರು ಹೆಂಗಸರಿಗೆ ಇಂಥ ಪಾಠ ಹೇಳಿಕೊಡುವ ಕಾಲ ಅದಲ್ಲ. ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವನೆಂಬ ಕಾರಣಕ್ಕೆ ಹದಿನೇಳು ವರ್ಷದ ಹುಡುಗನೊಬ್ಬನ ಹೆಗಲಿಗೆ ಆ ಕೆಲಸ ಬಿತ್ತು. ಆ ಹುಡುಗನೇ ಬಿ.ಕೆ.ಎಸ್. ಅಯ್ಯಂಗಾರ್. ಮುಂದೆ ಜಗತ್ತಿಗೇ ಯೋಗ ಕಲಿಸಿದವರು ಮೊದಲು ಮೇಷ್ಟ್ರಾದದ್ದು ನಮ್ಮೂರಲ್ಲಿ.

ಅದಾಗಿ ಮೂವತ್ತು ವರ್ಷಕ್ಕೆ, 1966ರಲ್ಲಿ, ಅವರ ‘ಲೈಟ್ ಆನ್ ಯೋಗ’ ಬಂತು. ಅದರ ಮೊದಲ ಆಸನ ತಾಡಾಸನ. ಎರಡು ಕಾಲೂರಿ ನೆಟ್ಟಗೆ ನಿಲ್ಲುವುದು, ಅಷ್ಟೆ. ಎರಡನೆಯದು ವೃಕ್ಷಾಸನ, ಒಂಟಿ ಕಾಲಲ್ಲಿ ನಿಲ್ಲುವುದು. ನಿಲ್ಲುವುದನ್ನೂ ಕಲಿಯಬೇಕೆ ಎಂದು ಎಷ್ಟೋ ವರ್ಷ ನನಗೆ ಅನ್ನಿಸುತ್ತಿತ್ತು.

ಅದು ಬಗೆಹರಿದದ್ದು ಷಟಲ್ ಆಡುವಾಗ ಬಲಗಾಲಿನ ಹರಡು ಎರಡನೇ ಸಲ ಉಳುಕಿದಾಗ. ಮೊದಲ ಸಲ ಬಾವು ಇಳಿದೊಡನೆ ವಾಸಿಯಾಯಿತೆಂದು ಮತ್ತೆ ಅಂಕಣಕ್ಕೆ ಇಳಿದಿದ್ದೆ. ಎರಡನೇ ಸಲ ನನ್ನನ್ನು ನೋಡಿದ ಫಿಜಿಯೋಥೆರಪಿಸ್ಟ್ ಮಾತ್ರೆಯ ಮಾತೇ ಎತ್ತಲಿಲ್ಲ. ‘ಆ ಕಾಲ ಮ್ಯಾಲೆ ಒಂದ ನಿಲ್ರಿ, ಕಣ್ಣ ಮುಚ್ರಿ’ ಎಂದರು. ಮೂರು ಎಣಿಸುವುದರೊಳಗೆ ಗೋಡೆ ಹಿಡಿದಿದ್ದೆ. ಉಳುಕದ ಎಡಗಾಲು ಹತ್ತು ಎಣಿಸುವವರೆಗೂ ತಡೆಯಿತು. ನೋವು ಹೋಗಿದ್ದರೂ ಹರಡಿಗೆ ತಾನೆಲ್ಲಿದ್ದೇನೆ ಎಂಬ ಅರಿವು ಮರಳಿರಲಿಲ್ಲ.

ದೇಹ ಸಮತೋಲನ ಕಾಯುವುದು ಮೂರು ಕಡೆಯ ಸುದ್ದಿಯಿಂದ. ಒಂದು ಕಣ್ಣು. ಇನ್ನೊಂದು ಒಳಗಿವಿ. ಅಲ್ಲಿನ ಮೂರು ಅರೆವೃತ್ತದ ನಾಳಗಳಲ್ಲಿ ದ್ರವ ತುಂಬಿದೆ, ತಲೆ ಯಾವ ಕಡೆ ತಿರುಗಿತೆಂದು ಅದರ ಅಲುಗಾಟವೇ ಹೇಳುತ್ತದೆ. ಗಿರಗಿರ ತಿರುಗಿ ನಿಂತ ಮೇಲೂ ಲೋಕ ತಿರುಗುವುದು ಆ ದ್ರವ ಇನ್ನೂ ನಿಂತಿಲ್ಲವಾದ್ದರಿಂದ. ಮೂರನೆಯದು ಅಂಗಾಲು, ಕೀಲು, ಸ್ನಾಯುಗಳಲ್ಲಿ ಹರಡಿಕೊಂಡ ನರದ ತುದಿಗಳು. ಮೂರರ ಸುದ್ದಿಯನ್ನೂ ತಾಳೆ ನೋಡಿ ಕಿರುಮೆದುಳು ಸ್ನಾಯುಗಳನ್ನು ತಿದ್ದುತ್ತಿರುತ್ತದೆ. ನಂಬಿಕೆ ಬಾರದಿದ್ದರೆ ಬರಿಗಾಲಲ್ಲಿ ಒಂಟಿ ಕಾಲ ಮೇಲೆ ನಿಂತು ಕೆಳಗೆ ನೋಡಿ. ಪಾದದ ಮೇಲಿನ ಸ್ನಾಯುರಜ್ಜುಗಳು ತಂತಿಯಂತೆ ಎದ್ದು ಬಿದ್ದು ಮಾಡುತ್ತವೆ. ಹೆಬ್ಬೆರಳು ಒತ್ತುತ್ತದೆ, ಬಿಡುತ್ತದೆ. ಹಿಮ್ಮಡಿ ಒಳಗೊಮ್ಮೆ ಹೊರಗೊಮ್ಮೆ ವಾಲುತ್ತದೆ. ನಾವು ಅಲುಗದೆ ನಿಂತಿದ್ದೇವೆ ಅಂದುಕೊಂಡಿರುವಾಗಲೂ ಕ್ಷಣಕ್ಷಣಕ್ಕೂ ಬೀಳುತ್ತ, ಸಾವರಿಸಿಕೊಳ್ಳುತ್ತಲೇ ಇರುತ್ತೇವೆ. ಹೀಗೆ ಸಾವರಿಸಿಕೊಳ್ಳುವ ಚುರುಕನ್ನು ಅಭ್ಯಾಸದಿಂದ ಬೆಳೆಸಬಹುದು.

ಉಳುಕಿನಲ್ಲಿ ಹಾಳಾಗುವುದು ಈ ಮೂರನೆಯ ಸುದ್ದಿ. ಅದನ್ನು ಸರಿಪಡಿಸದೆ ಮೈದಾನಕ್ಕೆ ಇಳಿದವರ ಹರಡು ಮತ್ತೆ ಮತ್ತೆ ಉಳುಕುತ್ತದೆ. ಓಡುವಾಗ ಒಮ್ಮೆಗೆ ನೆಲದ ಮೇಲಿರುವುದು ಹೆಚ್ಚೆಂದರೆ ಒಂದೇ ಕಾಲು. ವೇಗದ ಬೌಲರ್ ಚೆಂಡು ಬಿಡುವ ಗಳಿಗೆಯಲ್ಲಿ ಮೈತೂಕದ ಹಲವು ಪಟ್ಟು ಭಾರ ಮುಂಗಾಲೊಂದರ ಮೇಲೇ ಬೀಳುತ್ತದೆ. ಆದರೂ ನಮ್ಮ ಎಷ್ಟೋ ಕ್ರೀಡಾ ತರಬೇತಿಗಳಲ್ಲಿ ಓಟಕ್ಕೆ, ಭಾರ ಎತ್ತುವುದಕ್ಕೆ ಇರುವ ಸಮಯ ಒಂಟಿ ಕಾಲಿಗಿಲ್ಲ. ಇದು ದೊಡ್ಡ ತಪ್ಪು ಎಂದೇ ನನ್ನ ಅಭಿಪ್ರಾಯ.

ನಮ್ಮ ಗರಡಿಯವರಿಗೆ ಇದು ಗೊತ್ತಿತ್ತು. ಗರಡಿ ಮನೆಗೆ ಹೋದರೆ ಮೊದಲು ಗಮನಕ್ಕೆ ಬರುವುದು ನೆಲ. ಜರಡಿ ಹಿಡಿದ ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆರಸ ಬೆರೆಸಿ ಹದ ಮಾಡಿರುತ್ತಾರೆ. ಹೆಜ್ಜೆ ಇಟ್ಟರೆ ಪಾದ ತುಸು ಹೂಳುತ್ತದೆ, ಪ್ರತಿ ಹೆಜ್ಜೆಗೂ ನೆಲ ಬೇರೆಯಾಗುತ್ತದೆ. ಅಂಗಾಲಿಗೆ ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಧಾರವಾಡದ ಗರಡಿಯೊಂದರಲ್ಲಿ ಹಿರಿಯ ವಸ್ತಾದರು ಹುಡುಗನಿಗೆ ಹೇಳುತ್ತಿದ್ದ ಮಾತು ನನಗಿನ್ನೂ ನೆನಪಿದೆ: ‘ಕಾಲ್ಬೆರಳ ನೆಲಾ ಹಿಡೀಲಿ ತಮ್ಮಾ, ಮ್ಯಾಲಿನ ಮೈ ತಾನ ನಿಂದರತೈತಿ.’ ಕುಸ್ತಿ ನೋಡುವ ನಮ್ಮ ಕಣ್ಣು ಪೈಲ್ವಾನರ ತೋಳಿನ ಮೇಲಿರುತ್ತದೆ. ವಸ್ತಾದರು ನೋಡುವುದು ಕಾಲನ್ನು. ಮೊಣಕಾಲು ಮಡಿಸಿ, ಸೊಂಟ ತಗ್ಗಿಸಿ, ಕಾಲು ಅಗಲಿಸಿ ನಿಂತವನನ್ನು ಚಿತ್ ಮಾಡುವುದು ಸುಲಭವಲ್ಲ. ಎದುರಾಳಿಯ ಭಾರ ಒಂದು ಕಾಲಿಂದ ಇನ್ನೊಂದಕ್ಕೆ ದಾಟುವ ಗಳಿಗೆ ಕಾದು ಪಟ್ಟು ಹಾಕಬೇಕು. ತನ್ನ ತೂಕ ಕಾಯುವುದು, ಅವನ ತೂಕ ಕದಲಿಸುವುದು, ಇಡೀ ಕುಸ್ತಿ ಇಷ್ಟೇ.

ಗರಡಿಯದೇ ಇನ್ನೊಂದು ಕವಲು ಮಲ್ಲಕಂಬ. 12ನೇ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲೇ ಮಲ್ಲರ ಕಂಬದ ಉಲ್ಲೇಖವಿದೆ. ಇವತ್ತಿಗೂ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿ, ಗದಗ ಜಿಲ್ಲೆಯ ಲಕ್ಷ್ಮೇಶ್ವರದ ಕಡೆ ಮಕ್ಕಳು ಕಂಬ ಹತ್ತುತ್ತಾರೆ. ನೆಲದಿಂದ ಎಂಟಡಿಗೂ ಮೇಲೆದ್ದ ಕಂಬ, ಮೇಲೆ ಹೋದಂತೆ ಸಣ್ಣದಾಗುತ್ತದೆ. ಕಂಬದ ಮೈಗೆ ಹರಳೆಣ್ಣೆ ಸವರಿರುತ್ತಾರೆ. ತುದಿಯಲ್ಲಿರುವ ಗುಂಡಿನಲ್ಲಿ ಒಂದು ಪಾದಕ್ಕೂ ಸರಿಯಾಗಿ ಜಾಗವಿಲ್ಲ. ಅಲ್ಲಿ ಹುಡುಗನೊಬ್ಬ ಒಂಟಿ ಕಾಲಲ್ಲಿ ಎದ್ದು ನಿಂತು ಕೈ ಚಾಚುವಾಗ ಕೆಳಗಿದ್ದವರ ಉಸಿರು ಕಟ್ಟುತ್ತದೆ. ಅವನ ಕಣ್ಣು ಮಾತ್ರ ಎದುರಿನ ಒಂದೇ ಗುರುತಿನ ಮೇಲೆ ನೆಟ್ಟಿರುತ್ತದೆ. ಆ ಹುಡುಗನೂ ಶುರು ಮಾಡಿದ್ದು ನೆಲದ ಮೇಲೆಯೇ.

ಗರಡಿಗೆ ಹೋಗದವರಿಗೂ ಹಿಂದೆ ಈ ಪಾಠ ತಪ್ಪುತ್ತಿರಲಿಲ್ಲ. ಹುಬ್ಬಳ್ಳಿಯಿಂದ ಮೂಡಲ ಕಡೆಗೆ ಹೋದರೆ ಎರೆ ಹೊಲ, ಮಳೆಗಾಲದ ರಾಡಿಯಲ್ಲಿ ಬದುವಿನ ಮೇಲೆ ಬುತ್ತಿ ಹೊತ್ತು ನಡೆದವರ ಬೆರಳು ತಾನಾಗಿ ನೆಲ ಹಿಡಿಯುತ್ತಿತ್ತು. ಪಂಚಮಿಗೆ ನಿಂತು ಜೀಕಿದ ಜೋಕಾಲಿ ಒಳಗಿವಿಯನ್ನು ಪಳಗಿಸುತ್ತಿತ್ತು. ಕುಂಟೆಬಿಲ್ಲೆ ಆಡಿದ ಹುಡುಗಿಯರಿಗೆ ಒಂಟಿ ಕಾಲ ಮೇಲೆ ನೆಗೆಯುವುದನ್ನು ಯಾರೂ ಕಲಿಸಬೇಕಿರಲಿಲ್ಲ. ಈಗ ಮನೆಗೆ ಟೈಲ್ಸ್, ಬೀದಿಗೆ ಕಾಂಕ್ರೀಟು, ಕಾಲಿಗೆ ಬೆಳಗಿಂದ ಸಂಜೆಯವರೆಗೂ ದಪ್ಪ ಅಟ್ಟೆಯ ಬೂಟು. ಪಾದಕ್ಕೆ ಸುದ್ದಿ ಬರುವ ದಾರಿಯನ್ನೇ ಮುಚ್ಚಿದ್ದೇವೆ.

ಮತ್ತೆ ತೆರೆಯಲು ಖರ್ಚಿಲ್ಲ. ಗೋಡೆಯ ಪಕ್ಕ ಬರಿಗಾಲಲ್ಲಿ ನಿಂತು ಒಂದು ಕಾಲೆತ್ತಿ. ಮೂವತ್ತು ಸೆಕೆಂಡು ಸಲೀಸಾಗಿ ನಿಲ್ಲಲು ಬಂದ ಮೇಲೆ ಕತ್ತನ್ನು ನಿಧಾನ ಎಡಬಲ ತಿರುಗಿಸಿ. ಅದೂ ಬಂದರೆ ಮಡಿಸಿದ ಕೌದಿಯ ಮೇಲೆ ನಿಲ್ಲಿ, ಕೊನೆಗೆ ಕಣ್ಣು ಮುಚ್ಚಿ. ನನ್ನ ಹರಡು ಸರಿಹೋದದ್ದು ನಮ್ಮವ್ವ ಹೊಲಿದ ಕೌದಿಯ ಮೇಲೆ, ದಿನಾ ಐದೇ ನಿಮಿಷದಲ್ಲಿ. ತಲೆಸುತ್ತು ಇರುವವರು, ಬಿದ್ದು ಪೆಟ್ಟಾದವರು ಮೊದಲು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು.

ಇದು ಆಟಗಾರರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಬ್ರೆಜಿಲ್‌ನಲ್ಲಿ 51ರಿಂದ 75 ವರ್ಷದ 1,702 ಜನರನ್ನು ಹತ್ತು ಸೆಕೆಂಡು ಒಂಟಿ ಕಾಲಲ್ಲಿ ನಿಲ್ಲಿಸಿ ನೋಡಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಐವರಲ್ಲಿ ಒಬ್ಬರಿಗೆ ನಿಲ್ಲಲಾಗಲಿಲ್ಲ. ಮುಂದಿನ ವರ್ಷಗಳಲ್ಲಿ ಸಾವಿನ ಅಪಾಯ ಅಂಥವರಲ್ಲಿ ಹೆಚ್ಚಾಗಿ ಕಂಡಿತು. ಒಂಟಿ ಕಾಲೇ ಆಯುಷ್ಯ ಕೊಡುತ್ತದೆಂದು ಇದರರ್ಥವಲ್ಲ, ಮೈಯೊಳಗಿನ ಸೊರಗನ್ನು ಅದು ಮೊದಲೇ ತೋರಿಸುತ್ತದೆ. ಮನೆಯ ಹಿರಿಯರು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಅವರ ಬಾಳು ಹೇಗೆ ಕುಗ್ಗುತ್ತದೆಂದು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹುಬ್ಬಳ್ಳಿ-ಧಾರವಾಡ ಅವಳಿನಗರದ ಶಾಲೆಗಳ ಆಡಳಿತ ಮಂಡಳಿಯವರಲ್ಲಿ ನನ್ನದೊಂದು ಬೇಡಿಕೆ. ಅಂಗಳಕ್ಕೆ ಪೇವರ್ಸ್ ಹಾಕಿಸುವಾಗ ಒಂದು ಮೂಲೆಯನ್ನಾದರೂ ಮಣ್ಣಾಗಿಯೇ ಬಿಡಿ. ದಿನಕ್ಕೊಂದು ಪಿರಿಯಡ್ ಮಕ್ಕಳು ಬೂಟು ಬಿಚ್ಚಿ ಅದರ ಮೇಲೆ ಕುಂಟಲಿ.