ಯಗಟಿಯ ಬಿಸಿಲಿನಿಂದ ಶಂಕರಘಟ್ಟದ ಮಳೆಗೆ

ಕಡೂರು ತಾಲ್ಲೂಕಿನ ಯಗಟಿ ಕಡೆಯ ಹುಡುಗರು ರಾಗಿ ಹೊಲ, ತೆಂಗಿನ ತೋಟ ನೋಡಿಕೊಂಡು ಬೆಳೆದವರು. ಮಳೆಗಾಗಿ ಮುಗಿಲು ನೋಡುವ ಸೀಮೆ ಅದು. ಅಲ್ಲಿಂದ ಎಂ.ಎ., ಎಂ.ಎಸ್ಸಿ. ಓದಲು ಹೊರಟವರು ಬೀರೂರು, ತರೀಕೆರೆ ದಾಟಿ ಲಕ್ಕವಳ್ಳಿ ಮುಟ್ಟುವಷ್ಟರಲ್ಲಿ ಗಾಳಿಯೇ ತಣ್ಣಗಾಗಿರುತ್ತದೆ. ಭದ್ರಾ ಅಣೆಕಟ್ಟು, ಬಿ.ಆರ್.ಪಿ. (ಭದ್ರಾ ರಿವರ್ ಪ್ರಾಜೆಕ್ಟ್) ಕಳೆದ ಮೇಲೆ ಶಂಕರಘಟ್ಟ. ಕಾಡಂಚಿನ ಈ ಊರಿನಲ್ಲಿದೆ ಕುವೆಂಪು ವಿಶ್ವವಿದ್ಯಾಲಯದ ‘ಜ್ಞಾನಸಹ್ಯಾದ್ರಿ’.

ಮೊದಲು ಮೈಸೂರು ವಿ.ವಿ.ಯ ಸ್ನಾತಕೋತ್ತರ ಕೇಂದ್ರವಾಗಿದ್ದದ್ದು 1987ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. 2009ರಲ್ಲಿ ದಾವಣಗೆರೆ ವಿ.ವಿ. ಬೇರೆಯಾದ ಮೇಲೆ ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳು ಇದರ ಪಾಲಿಗೆ ಉಳಿದವು.

ನಾನು ಹೋದ ದಿನ ಮಳೆ ಬಿಟ್ಟೂ ಬಿಡದೆ ಹೊಡೆಯುತ್ತಿತ್ತು. ಗೇಟಿನಾಚೆಯ ಚಹಾ ಅಂಗಡಿಯವರು ಗಿರಾಕಿಗಳ ಮುಖ ನೋಡಿಯೇ ಊರು ಹೇಳಬಲ್ಲರಂತೆ. “ನಮ್ ತೀರ್ಥಹಳ್ಳಿ ಹುಡುಗ್ರು ಛತ್ರಿ ಮರೆಯಲ್ಲ ಸಾರ್. ಕಡೂರಿನವ್ರು ಮೊದಲ ವರ್ಷ ಛತ್ರೀನೇ ತಂದಿರಲ್ಲ” ಎಂದು ನಕ್ಕರು. ಯಾರಿಗೆ ಸಾಲ, ಯಾರ ಸೆಮಿನಾರ್ ಯಾವಾಗ, ಹಾಸ್ಟೆಲಿನಲ್ಲಿ ಇವತ್ತು ಏನು ಸಾರು, ಎಲ್ಲ ಅವರಿಗೆ ಗೊತ್ತು. ಪರೀಕ್ಷೆ ಹತ್ತಿರ ಬಂದರೆ ಚಹಾ ಖರ್ಚಾಗುವುದು ಹೆಚ್ಚು, ದುಡ್ಡು ಬರುವುದು ಕಡಿಮೆ. “ಕೆಲಸ ಸಿಕ್ಕ ಮೇಲೆ ಬಂದು ಬಾಕಿ ತೀರಿಸಿದೋರೂ ಇದಾರೆ” ಎಂದು ಅವರೇ ಸಮಾಧಾನವನ್ನೂ ಹೇಳಿಕೊಂಡರು.

ಬೆಂಚಿನ ತುದಿಯಲ್ಲಿ ಕೂತಿದ್ದ ಯಗಟಿ ಕಡೆಯ ವಿದ್ಯಾರ್ಥಿನಿಯ ತಕರಾರು ಬೇರೆ. “2023ರಿಂದ ಸರ್ಕಾರಿ ಬಸ್ಸು ನಮ್ ಹೆಣ್ಮಕ್ಳಿಗೆ ಫ್ರೀ. ಆದ್ರೆ ನಮ್ ಹೊತ್ತಿಗೆ ಸಿಗೋದು ಪ್ರೈವೇಟ್ ಬಸ್ಸೇ. ಶನಿವಾರ ಊರಿಗೆ ಹೊರಟ್ರೆ ಕಡೂರಲ್ಲಿ ಕೊನೆ ಬಸ್ಸು ಸಿಗುತ್ತೋ ಇಲ್ವೋ ಅನ್ನೋದೇ ಚಿಂತೆ.” ಇಲ್ಲಿ ಮಳೆ ಎಂದು ಫೋನ್ ಮಾಡಿದರೆ ಅವಳ ಅಪ್ಪ, “ನಮ್ ಕಡೀಕೂ ಒಂಚೂರು ಕಳಿಸವ್ವ” ಅನ್ನುತ್ತಾರಂತೆ.

ಅವರ ಮಾತು ಬರೀ ತಮಾಷೆಯಲ್ಲ. ಇದೇ ಭದ್ರೆಯ ನೀರನ್ನು ಅಜ್ಜಂಪುರದ ಸುರಂಗದ ಮೂಲಕ ಬಯಲಿಗೆ ಹರಿಸುವ ಮೇಲ್ದಂಡೆ ಯೋಜನೆಯ ಸುದ್ದಿ ಆ ಕಡೆಯವರು ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ನೀರಿನ ವಿಷಯ ದೊಡ್ಡವರಿಗೆ ಬಿಟ್ಟದ್ದು. ಶನಿವಾರ ಮಧ್ಯಾಹ್ನ ಶಂಕರಘಟ್ಟದಿಂದ ಕಡೂರಿಗೆ ನೇರ ಬಸ್ಸೊಂದನ್ನು ಬಿಡಲು ಮಾತ್ರ ಸುರಂಗ ಕೊರೆಯಬೇಕಾಗಿಲ್ಲ.