ಸಾಲದ ಕಡತವನ್ನು ಓದುವ ಬಗೆ

ಹಿಂದಿನ ಕಾಲದಲ್ಲಿ ಸಾಹುಕಾರನ ಅಂಗಡಿಯಲ್ಲಿ ಕರಿಬಟ್ಟೆಯ ಕಡತವೊಂದು ಇರುತ್ತಿತ್ತು. ಯಾರು ಎಷ್ಟು ಸಾಲ ಒಯ್ದರು, ಯಾವಾಗ ತೀರಿಸಿದರು ಎಂಬುದೆಲ್ಲ ಅದರಲ್ಲಿ ಬಳಪದ ಅಕ್ಷರಗಳಲ್ಲಿ ಮೂಡಿರುತ್ತಿತ್ತು. ತನ್ನ ಪುಟವನ್ನು ತೋರಿಸೆಂದು ಕೇಳುವ ಧೈರ್ಯ ಸಾಲಗಾರನಿಗೆ ಬರುತ್ತಿದ್ದುದು ಅಪರೂಪ. ಇಂದು ಅಂತಹ ಕಡತ ಕಂಪ್ಯೂಟರಿಗೆ ಏರಿದೆ. ಅದನ್ನು ತೆರೆದು ಓದುವ ಹಕ್ಕು ಈಗ ಸಾಲಗಾರನಿಗೂ ಉಂಟು. ಅದೂ ಬಿಡಿಕಾಸು ತೆರದೆ. ಹಕ್ಕು ಇದ್ದರೂ ಅದನ್ನು ಓದದೆ ಇರುವವರು ನಮ್ಮಲ್ಲಿ ಅನೇಕರು.

ಈ ಕಡತವನ್ನು ಇಡುವವರು ಯಾರು? ಭಾರತದಲ್ಲಿ ಈ ಕೆಲಸಕ್ಕೆ ರಿಸರ್ವ್ ಬ್ಯಾಂಕಿನ ಅನುಮತಿ ಪಡೆದ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್ ಮತ್ತು ಕ್ರಿಫ್ ಹೈ ಮಾರ್ಕ್. ಇವುಗಳಿಗೆ ಆಧಾರ 2005ರ ಕಾಯಿದೆ. ಬ್ಯಾಂಕುಗಳೂ ಇತರ ಸಾಲ ಸಂಸ್ಥೆಗಳೂ ತಮ್ಮ ಗ್ರಾಹಕರ ಲೆಕ್ಕವನ್ನು ಇವುಗಳಿಗೆ ಕಳುಹಿಸುತ್ತವೆ. ಹದಿನೈದು ದಿನಕ್ಕೊಮ್ಮೆಯಾದರೂ ಕಳುಹಿಸಬೇಕೆಂಬ ನಿಯಮ 2025ರ ಜನವರಿಯಿಂದ ಬಂದಿತು. ನೀವು ಸಾಲಕ್ಕೆ ಅರ್ಜಿ ಹಾಕಿದೊಡನೆ ಬ್ಯಾಂಕಿನವರು ಮೊದಲು ನೋಡುವುದು ಈ ಲೆಕ್ಕವನ್ನೇ. ಇದರ ಸಾರವಾಗಿ 300ರಿಂದ 900ರವರೆಗಿನ ಒಂದು ಅಂಕವೂ ಇರುತ್ತದೆ. ಅಂಕ ಹೆಚ್ಚಿದ್ದಷ್ಟೂ ನಂಬಿಕೆ ಹೆಚ್ಚು.

ಪ್ರತಿ ಕಂಪನಿಯೂ ವರ್ಷಕ್ಕೊಮ್ಮೆ ಅಂಕಸಹಿತವಾದ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂದು ರಿಸರ್ವ್ ಬ್ಯಾಂಕು 2016ರಲ್ಲಿ ಆಜ್ಞೆ ಮಾಡಿತು. ಕಂಪನಿಯ ಸ್ವಂತ ಜಾಲತಾಣದಲ್ಲಿ ಹೆಸರು, ಜನ್ಮದಿನಾಂಕ, ಪ್ಯಾನ್ ಸಂಖ್ಯೆ, ಮೊಬೈಲ್ ಸಂಖ್ಯೆ ಇವನ್ನು ಕೊಟ್ಟು, ಫೋನಿಗೆ ಬರುವ ಓಟಿಪಿಯನ್ನು ತುಂಬಿದರೆ ವರದಿ ದೊರೆಯುತ್ತದೆ. ಅಲ್ಲಿ ಹಣ ತೆರುವ ಯೋಜನೆಗಳೂ ಕಾಣಬಹುದು. ನೀವು ಉಚಿತ ವರದಿಯನ್ನೇ ಆರಿಸಿರಿ. ನಿಮ್ಮ ವರದಿಯನ್ನು ನೀವೇ ನೋಡಿದರೆ ಅಂಕ ಇಳಿಯುವುದೆಂಬ ಭಯ ಬೇಡ, ಅದು ಇಳಿಯುವುದಿಲ್ಲ. ನಾಲ್ಕು ಕಂಪನಿಗಳ ವರದಿಯನ್ನು ಮೂರು ತಿಂಗಳಿಗೊಂದರಂತೆ ತರಿಸಿಕೊಂಡರೆ ವರ್ಷವಿಡೀ ಕಾವಲು ಇಟ್ಟಂತಾಗುತ್ತದೆ.

ವರದಿ ಕೈಗೆ ಬಂದಾಗ ಅಂಕವನ್ನಷ್ಟೇ ನೋಡಿ ಮಡಿಸಿಡಬೇಡಿ. ಮೊದಲು ಹೆಸರು, ವಿಳಾಸ, ಪ್ಯಾನ್ ಸಂಖ್ಯೆ ಸರಿಯಾಗಿವೆಯೇ ನೋಡಿರಿ. ಬಳಿಕ ಸಾಲದ ಖಾತೆಗಳನ್ನು ಒಂದೊಂದಾಗಿ ಓದಿರಿ. ಅವೆಲ್ಲ ನಿಮ್ಮವೇ ತಾನೆ? ನೀವು ಎಂದೂ ಮಾಡದ ಸಾಲ ಅಲ್ಲಿದ್ದರೆ, ಯಾರೋ ನಿಮ್ಮ ಕಾಗದಪತ್ರಗಳನ್ನು ಬಳಸಿ ಹಣ ಎತ್ತಿರಬಹುದು, ಇಲ್ಲವೆ ಮತ್ತೊಬ್ಬರ ಲೆಕ್ಕ ನಿಮ್ಮದರೊಡನೆ ಬೆರೆತಿರಬಹುದು. ನೆಂಟರಿಗೋ ಸ್ನೇಹಿತರಿಗೋ ಜಾಮೀನು ನಿಂತ ಸಾಲವೂ ಇಲ್ಲಿ ಕಾಣಬಹುದು. ಅವರು ಕಂತು ತಪ್ಪಿಸಿದರೆ ಅದರ ಕಲೆ ನಿಮಗೂ ತಗಲುತ್ತದೆ. ಜಾಮೀನಿನ ರುಜು ಹಾಕಿ ಮರೆತವರಿಗೆ ಇದು ಮುಖ್ಯವಾದ ಮಾತು.

ಸಿಬಿಲ್ ವರದಿಯಲ್ಲಿ 36 ತಿಂಗಳವರೆಗಿನ ಕಂತುಗಳ ಲೆಕ್ಕವಿದ್ದು, ಯಾವ ತಿಂಗಳು ಎಷ್ಟು ದಿನ ತಡವಾಯಿತೆಂಬುದು ತಿಳಿಯುತ್ತದೆ. ತೀರಿಸಿದ ಸಾಲದ ಎದುರಿಗೆ ‘ಕ್ಲೋಸ್ಡ್’ ಎಂದಿರಬೇಕು. ‘ಸೆಟಲ್ಡ್’ ಎಂಬುದನ್ನೂ ಅದೇ ಅರ್ಥದಲ್ಲಿ ಓದಬೇಡಿ. ಬಾಕಿಗಿಂತ ಕಡಿಮೆ ಹಣಕ್ಕೆ ಬ್ಯಾಂಕು ರಾಜಿಯಾಯಿತೆಂದು ಅದರ ಅರ್ಥ. ಮುಂದೆ ಸಾಲ ಕೊಡುವವರು ಅದನ್ನು ಕಂಡು ಹಿಂಜರಿಯುತ್ತಾರೆ.

ಈಗ ಒಂದು ಸಂದರ್ಭವನ್ನು ಊಹಿಸಿಕೊಳ್ಳಿ. ಮಗಳಿಗೆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಶುಲ್ಕ ಕಟ್ಟಲು ಹತ್ತು ದಿನ ಉಳಿದಿದೆ. ತಂದೆ ಎಂದೋ ತೀರಿಸಿದ ಬೈಕಿನ ಸಾಲ ವರದಿಯಲ್ಲಿ ಇನ್ನೂ ಬಾಕಿಯೆಂದೇ ಇದೆ. ಬ್ಯಾಂಕಿನವರು ತಲೆಯಾಡಿಸುತ್ತಾರೆ. ತಪ್ಪು ತಂದೆಯದಲ್ಲ, ಆದರೂ ಹತ್ತು ದಿನಗಳಲ್ಲಿ ಅದು ಸರಿಹೋಗುತ್ತದೆಂಬ ಭರವಸೆಯಿಲ್ಲ. ಅದಕ್ಕೇ ಹೇಳುವುದು, ಹಣದ ಅಗತ್ಯ ಬೀಳುವ ಮೊದಲೇ ವರದಿಯನ್ನು ಓದಬೇಕೆಂದು.

ತಪ್ಪು ಕಂಡರೆ ಮಾಡಬೇಕಾದುದೇನು? ಬಾಕಿಯಿಲ್ಲವೆಂದು ಸಾಲ ಕೊಟ್ಟವರು ಬರೆದುಕೊಟ್ಟ ಪತ್ರ, ರಸೀತಿಗಳನ್ನು ಹುಡುಕಿ ತೆಗೆಯಿರಿ. ವರದಿಯ ಕಂಪನಿಗೂ ಸಾಲ ಕೊಟ್ಟ ಬ್ಯಾಂಕಿಗೂ ಬರವಣಿಗೆಯಲ್ಲಿ ದೂರು ಕೊಟ್ಟು, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿರಿ. ಕಂಪನಿ ತಾನಾಗಿ ಲೆಕ್ಕವನ್ನು ತಿದ್ದಲಾರದು, ಬ್ಯಾಂಕು ಒಪ್ಪಬೇಕು. ಇಬ್ಬರಿಗೂ ಸೇರಿ 30 ದಿನಗಳ ಗಡುವು. ಅದು ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ನಿಮಗೆ ಪರಿಹಾರ ಸಲ್ಲಬೇಕೆಂಬ ನಿಯಮ 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿತು. ಆಗಲೂ ನ್ಯಾಯ ದೊರೆಯದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರಬಹುದು.

ಆದರೆ ಒಂದು ಎಚ್ಚರ. ನಿಜವಾಗಿ ತಪ್ಪಿದ ಕಂತನ್ನು ಯಾರೂ ಅಳಿಸಲಾರರು. ಹಣ ಕೊಟ್ಟರೆ ಅಂಕ ಏರಿಸುತ್ತೇವೆ ಎನ್ನುವವರ ಮಾತಿಗೆ ಮರುಳಾಗಬೇಡಿ. ಅಂಕವನ್ನು ಏರಿಸುವ ದಾರಿ ಹಳೆಯದೇ: ತೀರಿಸಬಲ್ಲಷ್ಟೇ ಸಾಲ ಮಾಡುವುದು, ಹೇಳಿದ ದಿನಕ್ಕೆ ಕಟ್ಟುವುದು, ಕಟ್ಟಿದ್ದಕ್ಕೆ ರಸೀತಿ ಇಟ್ಟುಕೊಳ್ಳುವುದು.