ಎಡ ಭುಜದ ಒಡವೆ

ಗಿಳಿಹಸಿರು, ಅರಿಶಿನ ಹಳದಿ, ಕನಕಾಂಬರದ ಬಣ್ಣ, ಕಡುನೀಲಿ. ಬ್ರಿಟನ್ನಿನ ಎರಡನೇ ಎಲಿಜಬೆತ್ ರಾಣಿಯ ಫೋಟೊಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಕೋಟಿನ ಈ ಬಣ್ಣಗಳು. ಬೀದಿಯ ಇಕ್ಕೆಲದಲ್ಲಿ ಹತ್ತು ಸಾಲು ಜನ ನಿಂತಿದ್ದರೂ ಕೊನೆಯ ಸಾಲಿನಲ್ಲಿ ಅಪ್ಪನ ಹೆಗಲೇರಿ ಕೂತ ಮಗುವಿಗೂ ತಾವು ಕಾಣಿಸಬೇಕೆಂದು ಅವರು ಎದ್ದುಕಾಣುವ ಬಣ್ಣಗಳನ್ನೇ ತೊಡುತ್ತಿದ್ದರು. ಬಣ್ಣದ ಸಂಭ್ರಮ ಇಳಿದ ಮೇಲೆ ನೋಟ ನಿಧಾನವಾಗಿ ಕತ್ತಿನ ಮುತ್ತಿನ ಸರಕ್ಕೆ ಜಾರಿ, ಅಲ್ಲಿಂದ ಎಡ ಭುಜದ ಕೆಳಗೆ, ಉಣ್ಣೆಯ ಬಟ್ಟೆಯ ಮೇಲೆ ಥಟ್ಟನೆ ಮಿನುಗುವ ಒಂದು ಒಡವೆಯಲ್ಲಿ ಹೋಗಿ ನಿಲ್ಲುತ್ತದೆ. ಹೂವೋ ಎಲೆಯೋ ನಕ್ಷತ್ರವೋ, ಏನಾದರೊಂದು ಅಲ್ಲಿ ಇದ್ದೇ ಇರುತ್ತದೆ. ಅದೇ ಬ್ರೋಚ್.

ಬ್ರೋಚಿನ ಮುಖವನ್ನು ಎಲ್ಲರೂ ನೋಡುತ್ತಾರೆ. ನಾವು ಅದನ್ನು ಮಗುಚಿ ಬೆನ್ನನ್ನೂ ನೋಡೋಣ. ಒಂದು ತುದಿಯಲ್ಲಿ ಪುಟ್ಟ ಕೀಲು, ಕೀಲಿಗೆ ಸೇರಿದ ಚೂಪು ಸೂಜಿ, ಆ ಸೂಜಿಯ ಮೊನೆಯನ್ನು ಹಿಡಿದು ಭದ್ರವಾಗಿ ಮುಚ್ಚಿಕೊಳ್ಳುವ ಕೊಂಡಿ ಇನ್ನೊಂದು ತುದಿಯಲ್ಲಿ. ನಮ್ಮ ಕುಂದಣದ ಕೆಲಸದಲ್ಲಿ ಹರಳಿನ ಅಡಿಗೆ ಹೊಳೆಯುವ ತಗಡಿಟ್ಟು ಹಿಂಬದಿ ಮುಚ್ಚುತ್ತಾರೆ. ಬ್ರೋಚಿನ ಈ ಕಟ್ಟಿನ ಕೆಲಸ ಬೇರೆ ಬಗೆಯದು; ಬೆಳಕು ಹಿಂದಿನಿಂದಲೂ ಒಳಗೆ ಬರಲೆಂದು ಪ್ರತಿ ವಜ್ರದ ಬೆನ್ನನ್ನೂ ಬಯಲಾಗಿಯೇ ಬಿಟ್ಟಿರುತ್ತಾರೆ. ಪ್ಲಾಟಿನಂನ ತೆಳುವಾದ ಹಿಡಿಕೆಗಳು ಅಂಚನ್ನಷ್ಟೇ ಕಚ್ಚಿ ಹಿಡಿದಿರುತ್ತವೆ. ಒಡವೆ ಭಾರವಾದಷ್ಟೂ ಬಟ್ಟೆ ಗಟ್ಟಿಯಿರಬೇಕು, ಇಲ್ಲದಿದ್ದರೆ ಬಟ್ಟೆ ಜಗ್ಗಿ ಬ್ರೋಚು ಮುಂದಕ್ಕೆ ವಾಲುತ್ತದೆ. ರೇಷ್ಮೆಗಿಂತ ಉಣ್ಣೆಯ ಕೋಟು ಇಂಥ ಒಡವೆಗೆ ಒಳ್ಳೆಯ ನೆಲೆ.

ಅಂಥ ಭಾರದ ಒಡವೆಯೊಂದರ ಜಾಡು ಹಿಡಿದು ಆಮ್‌ಸ್ಟರ್‌ಡ್ಯಾಮ್ ನಗರಕ್ಕೆ ಹೋಗೋಣ. ಟೋಲ್‌ಸ್ಟ್ರಾಟ್ ಎಂಬ ಬೀದಿಯಲ್ಲಿ ಆಶರ್ ಸೋದರರ ವಜ್ರದ ಕಾರ್ಖಾನೆ. ಸಾಲು ಸಾಲು ಕಿಟಕಿಗಳು, ಏಕೆಂದರೆ ಈ ಕಸುಬಿಗೆ ಮೊದಲು ಬೇಕಾದದ್ದು ಹಗಲ ಬೆಳಕು. ಕಿಟಕಿಗಳ ಕೆಳಗೆ ಮೇಜುಗಳ ಮೇಲೆ ಗಿರಗಿರನೆ ಸುತ್ತುವ ಕಬ್ಬಿಣದ ಸಾಣೆಚಕ್ರಗಳು, ಅವುಗಳ ಮೇಲೆ ವಜ್ರದ ಪುಡಿ ಕಲಸಿದ ಎಣ್ಣೆಯ ಲೇಪ, ಕಾದ ಎಣ್ಣೆಯ ವಾಸನೆ, ಕಿವಿಗೆ ಹೊಂದಿಕೊಂಡುಬಿಡುವ ಒಂದೇ ಸಮನೆ ಗುಂಯ್‌ಗುಡುವ ಸದ್ದು. ಹರಳನ್ನು ಚಕ್ರಕ್ಕೆ ಒತ್ತುವುದು, ಎತ್ತುವುದು, ಕಣ್ಣಿಗೆ ಮಸೂರ ಹಿಡಿದು ನೋಡುವುದು, ಮತ್ತೆ ಒತ್ತುವುದು. ಆ ಕಾಲದಲ್ಲಿ ವಜ್ರವನ್ನು ವಜ್ರವೇ ಕೊಯ್ಯಬೇಕಿತ್ತು, ವಜ್ರವೇ ಉಜ್ಜಬೇಕಿತ್ತು. ಬೇರೆ ಯಾವುದಕ್ಕೂ ಅದು ಮಣಿಯುತ್ತಿರಲಿಲ್ಲ.

1908ರ ಫೆಬ್ರವರಿಯಲ್ಲಿ ಈ ಕಾರ್ಖಾನೆಯ ಮೇಜಿನ ಮೇಲಿದ್ದದ್ದು ಅಂಗೈ ತುಂಬುವ ಕಲ್ಲು. ಮೂರು ವರ್ಷದ ಹಿಂದೆ, 1905ರ ಜನವರಿ 26ರಂದು, ದಕ್ಷಿಣ ಆಫ್ರಿಕಾದ ಪ್ರೀಮಿಯರ್ ಗಣಿಯಲ್ಲಿ ಫ್ರೆಡರಿಕ್ ವೆಲ್ಸ್ ಎಂಬ ಮೇಲ್ವಿಚಾರಕ ಗೋಡೆಯಲ್ಲಿ ಏನೋ ಹೊಳೆದದ್ದನ್ನು ಕಂಡು ಅದನ್ನು ಕಿತ್ತು ತೆಗೆದಿದ್ದ. ತೂಗಿದಾಗ 3,106 ಕ್ಯಾರೆಟ್, ಅಂದರೆ 621 ಗ್ರಾಂ. ಗಣಿ ಕಂಪನಿಯ ಅಧ್ಯಕ್ಷ ಥಾಮಸ್ ಕಲಿನನ್ ಹೆಸರನ್ನೇ ಕಲ್ಲಿಗೂ ಇಟ್ಟರು. ಆ ಗಣಿಯನ್ನು ಅಗೆಯುತ್ತಿದ್ದ ಆಫ್ರಿಕಾದ ಕೂಲಿಕಾರರ ಹೆಸರು ಮಾತ್ರ ಈ ಕತೆಯಲ್ಲಿ ಎಲ್ಲೂ ಬರುವುದಿಲ್ಲ, ಅದು ನನ್ನನ್ನು ಪ್ರತಿ ಸಲವೂ ಚುಚ್ಚುತ್ತದೆ. ಅಲ್ಲಿನ ಟ್ರಾನ್ಸ್‌ವಾಲ್ ಸರ್ಕಾರ 1907ರಲ್ಲಿ 1,50,000 ಪೌಂಡ್ ಕೊಟ್ಟು ಕೊಂಡ ಕಲ್ಲು ಬ್ರಿಟನ್ನಿನ ಏಳನೇ ಎಡ್ವರ್ಡ್ ದೊರೆಗೆ ಹುಟ್ಟುಹಬ್ಬದ ಉಡುಗೊರೆಯಾಯಿತು.

ಜೋಸೆಫ್ ಆಶರ್ ಆ ಕಲ್ಲಿನಲ್ಲಿ ಅರ್ಧ ಅಂಗುಲ ಆಳದ ಗೀರು ಕೊರೆಯಲು ನಾಲ್ಕು ದಿನ ಹಿಡಿಯಿತು. ಗೀರಿನಲ್ಲಿ ಉಕ್ಕಿನ ಅಲಗು ಇಟ್ಟು, ಉಸಿರು ಬಿಗಿಹಿಡಿದು, ಮೇಲಿನಿಂದ ಒಂದು ಏಟು. ಕಲ್ಲು ಕದಲಲಿಲ್ಲ, ಅಲಗೇ ಮುರಿಯಿತು. ಇನ್ನೊಂದು ಅಲಗು ತಂದು ಮತ್ತೆ ಹೊಡೆದಾಗ ಕಲ್ಲು ಅವರು ಎಣಿಸಿದ ಗೆರೆಯಲ್ಲೇ ಎರಡಾಯಿತು. ಆ ಕ್ಷಣಕ್ಕೆ ಜೋಸೆಫ್ ಮೂರ್ಛೆ ಹೋದರೆಂಬ ಕತೆ ಜನಜನಿತ. ಅವರ ಮನೆತನದವರು ಅದನ್ನು ಒಪ್ಪಿಲ್ಲ, ನನಗೂ ಅದು ನಂಬುವ ಮಾತೆನಿಸುವುದಿಲ್ಲ. ಅಷ್ಟು ದಿನ ಕೈ ನಡುಗದೆ ಗೀರು ಕೊರೆದವರು ಸುಲಭಕ್ಕೆ ಬೀಳುವವರಲ್ಲ. ಆಮೇಲೆ ಮೂವರು ಕಸುಬುದಾರರು ಎಂಟು ತಿಂಗಳು, ದಿನಕ್ಕೆ 14 ಗಂಟೆ, ಚಕ್ರದ ಮುಂದೆ ಕೂತು ತುಂಡುಗಳನ್ನು ಉಜ್ಜಿದರು. ಒಂಬತ್ತು ದೊಡ್ಡ ಹರಳು, 96 ಚಿಕ್ಕವು ಹುಟ್ಟಿದವು. ಎಲ್ಲಕ್ಕಿಂತ ದೊಡ್ಡ ಎರಡು ರಾಜದಂಡಕ್ಕೂ ಕಿರೀಟಕ್ಕೂ ಹೋದವು. ಮೂರನೆಯದು 94.4 ಕ್ಯಾರೆಟ್, ಹನಿಯ ಆಕಾರದ್ದು, ನಾಲ್ಕನೆಯದು 63.6 ಕ್ಯಾರೆಟ್, ದುಂಡು ಮೂಲೆಗಳ ಚೌಕ. ಇವೆರಡನ್ನೂ ಮೇರಿ ರಾಣಿ ಒಂದರ ಕೆಳಗೊಂದು ತೂಗುವಂತೆ ಬ್ರೋಚ್ ಮಾಡಿಸಿಕೊಂಡರು. 1953ರಲ್ಲಿ ಅವರು ತೀರಿಕೊಂಡ ಮೇಲೆ ಮೊಮ್ಮಗಳು ಎಲಿಜಬೆತ್‌ಗೆ ಬಂದ ಆ ಜೋಡಿ ಹರಳಿಗೆ ಮನೆಮಂದಿ ಇಟ್ಟ ಹೆಸರು ‘ಅಜ್ಜಿಯ ಚೂರುಗಳು’.

ಕಲ್ಲು ಒಡೆದ ಐವತ್ತು ವರ್ಷದ ನಂತರ, 1958ರಲ್ಲಿ, ಆ ಚೂರುಗಳು ಹುಟ್ಟೂರಿಗೆ ಮರಳಿದವು. ನೆದರ್‌ಲ್ಯಾಂಡ್ಸ್ ಪ್ರವಾಸದಲ್ಲಿದ್ದ ರಾಣಿ ಆಶರ್ ಕಾರ್ಖಾನೆಗೆ ಬಂದಾಗ ಆ ಬ್ರೋಚನ್ನೇ ತೊಟ್ಟಿದ್ದರು. ಜೋಸೆಫ್ ಅಷ್ಟರಲ್ಲಿ ತೀರಿಕೊಂಡಿದ್ದರು. ಅವರ ತಮ್ಮ ಲೂಯಿ ಇದ್ದರು. ಎಂಬತ್ತು ದಾಟಿದ ಮುದುಕ, ದೃಷ್ಟಿ ಹೆಚ್ಚುಕಡಿಮೆ ಹೋಗಿಬಿಟ್ಟಿತ್ತು. ನಡುವೆ ನಾಜಿಗಳ ಕಾಲ ಹಾದುಹೋಗಿತ್ತು. ಆ ಕಾರ್ಖಾನೆಯ ಯಹೂದಿ ಕಸುಬುದಾರರನ್ನು ಸಾವಿನ ಶಿಬಿರಗಳಿಗೆ ಸಾಗಿಸಿದ್ದರು, ಮರಳಿ ಬಂದವರು ಬೆರಳೆಣಿಕೆಯಷ್ಟು. ರಾಣಿ ಕೊಂಡಿ ಬಿಚ್ಚಿ, ಬ್ರೋಚನ್ನು ಭುಜದಿಂದ ತೆಗೆದು ಲೂಯಿಯ ಕೈಗಿತ್ತರು. ಅಣ್ಣನ ಏಟಿಗೆ ಒಡೆದ ಕಲ್ಲಿನ ಹರಳುಗಳನ್ನು ಆ ಮುದುಕ ಕೈಯಲ್ಲಿ ಹಿಡಿದು ನಿಂತರು. ಅರಮನೆಯ ಒಡವೆಗಳ ಬಗ್ಗೆ ಓದಿದ ನೂರಾರು ಸಂಗತಿಗಳಲ್ಲಿ ನನಗೆ ಇದಕ್ಕಿಂತ ದೊಡ್ಡದು ಯಾವುದೂ ಇಲ್ಲ. ಬೆಲೆಬಾಳುವ ವಸ್ತುವೊಂದು ಅದನ್ನು ಮಾಡಿದ ಕೈಗೆ ಒಂದು ಗಳಿಗೆಯ ಮಟ್ಟಿಗಾದರೂ ಹಿಂದಿರುಗುವುದು ಅಪರೂಪ.

ಇನ್ನೊಂದು ಒಡವೆಯದು ಬಣ್ಣದ ಬೆರಗು. ಆಫ್ರಿಕಾದ ಟಾಂಗನಿಕಾದ ಮ್ವಾಡುಯಿ ಗಣಿಯಲ್ಲಿ 1947ರಲ್ಲಿ ಗುಲಾಬಿ ಬಣ್ಣದ ವಜ್ರ ಸಿಕ್ಕಿತು. ಗಣಿಯ ಒಡೆಯ, ಕೆನಡಾದ ಭೂವಿಜ್ಞಾನಿ ಜಾನ್ ವಿಲಿಯಮ್ಸನ್, ಅದನ್ನು ಆಗಿನ್ನೂ ರಾಜಕುಮಾರಿಯಾಗಿದ್ದ ಎಲಿಜಬೆತ್‌ಗೆ ಮದುವೆಯ ಉಡುಗೊರೆಯಾಗಿ ಕಳಿಸಿದರು. 54.5 ಕ್ಯಾರೆಟ್‌ನ ಒರಟು ಕಲ್ಲು ಲಂಡನ್ನಿನಲ್ಲಿ ಸಾಣೆಗೆ ಕೂತು 23.6 ಕ್ಯಾರೆಟ್‌ಗೆ ಇಳಿಯಿತು. ಅರ್ಧಕ್ಕಿಂತ ಹೆಚ್ಚು ಪುಡಿಯಾಗಿ ಹೋಯಿತು. ಕಾರ್ಟಿಯೇ ಅಂಗಡಿಯ ವಿನ್ಯಾಸಕಾರ ಫ್ರೆಡರಿಕ್ ಮ್ಯೂ 1953ರಲ್ಲಿ ಅದನ್ನು ನಟ್ಟನಡುವೆ ಕೂರಿಸಿ, ಸುತ್ತ ಎಸಳು, ಕೆಳಗೆ ಬಾಗಿದ ದಂಟು, ದಂಟಿಗೆ ಎಲೆ, ಇದಿಷ್ಟನ್ನೂ 203 ಬಿಳಿ ವಜ್ರಗಳಲ್ಲಿ ಕಟ್ಟಿದರು. ಆ ಹೂವಿನ ನಡುವಿನ ಬಣ್ಣ ಹಸುಗೂಸಿನ ಅಂಗಾಲಿನ ಕೆಂಪು. ಮಗ ಚಾರ್ಲ್ಸ್‌ನ ಮದುವೆಗೆ, 1981ರಲ್ಲಿ, ರಾಣಿ ತೊಟ್ಟದ್ದು ಇದನ್ನೇ.

ಅದೇ 1947ರ ಮದುವೆಗೆ ನಮ್ಮ ಕಡೆಯಿಂದಲೂ ಒಡವೆ ಹೋಗಿತ್ತು. ಹೈದರಾಬಾದಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್, ವಧು ತನಗಿಷ್ಟವಾದದ್ದನ್ನು ಆರಿಸಿಕೊಳ್ಳಲಿ ಎಂದು ಲಂಡನ್ನಿನ ಕಾರ್ಟಿಯೇ ಅಂಗಡಿಗೆ ಹೇಳಿ ಕಳಿಸಿದ್ದರು. ರಾಜಕುಮಾರಿ ಆರಿಸಿದ್ದು ವಜ್ರದ ಕಂಠಹಾರ ಮತ್ತು ಹೂಗಳ ಮುಡಿಪಟ್ಟಿ. ಪಟ್ಟಿಯ ಮೂರು ಗುಲಾಬಿಗಳನ್ನು ಬಿಡಿಸಿ ಬ್ರೋಚ್ ಆಗಿಯೂ ತೊಡಬಹುದಿತ್ತು. 1973ರಲ್ಲಿ ಪಟ್ಟಿಯನ್ನು ಕಳಚಿ, ಅದರ ವಜ್ರಗಳನ್ನು ಬರ್ಮಾದ ಮಾಣಿಕ್ಯಗಳ ಜೊತೆ ಸೇರಿಸಿ ಹೊಸ ಮುಡಿಪಟ್ಟಿ ಮಾಡಿಸಿದರೂ ಗುಲಾಬಿಗಳನ್ನು ಹಾಗೆಯೇ ಉಳಿಸಿಕೊಂಡರು. ಮದುವೆ ನಡೆದ ನವೆಂಬರ್ 20ಕ್ಕೆ ಭಾರತಕ್ಕೆ ಸ್ವಾತಂತ್ರ್ಯ ಬಂದು ಮೂರು ತಿಂಗಳಾಗಿತ್ತು. ಆದರೆ ಬೀದರ್, ಕಲಬುರಗಿ, ರಾಯಚೂರು ಇನ್ನೂ ನಿಜಾಮರ ಆಳ್ವಿಕೆಯಲ್ಲೇ ಇದ್ದವು. ಅಲ್ಲಿನ ಜನ ಬಿಡುಗಡೆಗೆ ಮತ್ತೂ ಹತ್ತು ತಿಂಗಳು ಕಾಯಬೇಕಾಯಿತು. ಆ ಖಜಾನೆ ತುಂಬಿದ್ದು ಜೋಳ, ಹತ್ತಿ ಬೆಳೆದವರ ಕಂದಾಯದಿಂದ. ಹಾಗಾಗಿ ಆ ವಜ್ರದ ಗುಲಾಬಿಗಳನ್ನು ನೋಡುವಾಗ ಬರೀ ಚೆಂದವೆಂದು ಸುಮ್ಮನಾಗಲು ನನ್ನಿಂದಾಗದು.

ಇವೆಲ್ಲವನ್ನೂ ಬದಿಗಿಟ್ಟು ನಾನು ಕೈಗೆತ್ತಿಕೊಳ್ಳುವುದು ಇನ್ನೊಂದು ಹೂವನ್ನು. ಮಲೆನಾಡಿನಲ್ಲಿ ಮಳೆ ಹಿಡಿದ ಮೇಲೆ ಬೇಲಿಯ ಮೇಲೆ ಹಬ್ಬುವ ಗೌರಿ ಹೂವಿನ ಬಳ್ಳಿ ನಿಮಗೆ ಗೊತ್ತಿರಬಹುದು. ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಕೊಂಬೆಗೆ ಸುತ್ತಿಕೊಳ್ಳುತ್ತದೆ. ಹೂವು ತಲೆ ತಗ್ಗಿಸಿದರೂ ಎಸಳುಗಳು ಹಿಂದಕ್ಕೆ ಬಾಗಿ ಮೇಲಕ್ಕೆ ನಿಲ್ಲುತ್ತವೆ, ಅಂಚೆಲ್ಲ ಅಲೆಅಲೆ, ಬುಡ ಹಳದಿ, ತುದಿ ಕೆಂಪು. ಗೌರಿ ಹಬ್ಬದ ಹೊತ್ತಿಗೆ ಅರಳುವ ಇದೇ ಜಾತಿಯ ಹೂವು ಆಫ್ರಿಕಾದ ಕಾಡುಗಳಲ್ಲೂ ಬೆಳೆಯುತ್ತದೆ. ಇಂದಿನ ಜಿಂಬಾಬ್ವೆಯ ರಾಷ್ಟ್ರೀಯ ಹೂವು ಅದು. ಆ ದೇಶ ದಕ್ಷಿಣ ರೊಡೇಷಿಯಾ ಆಗಿದ್ದಾಗ, ರಾಜಕುಮಾರಿಯ 21ನೇ ಹುಟ್ಟುಹಬ್ಬಕ್ಕೆ ಅಲ್ಲಿನ 42,000 ಶಾಲಾಮಕ್ಕಳು ತಲಾ ಮೂರು ಪೆನ್ಸಿನ ಪುಟ್ಟ ನಾಣ್ಯ ಕೊಟ್ಟು ಈ ಹೂವನ್ನು ವಜ್ರದಲ್ಲಿ ಮಾಡಿಸಿದರು. ಕೆಂಪಿಲ್ಲ, ಹಳದಿಯಿಲ್ಲ, ಬರೀ ಬಿಳಿ ಬೆಳಕು. ಆದರೂ ಎಸಳಿನ ಅಲೆ, ಹಿಂದಕ್ಕೆ ಬಾಗಿದ ಆ ಬಳುಕು ಹಾಗೆಯೇ ಇದೆ. ಗೌರಿ ಹೂವನ್ನು ಕಂಡವರು ನೋಡಿದ ಕೂಡಲೇ ಗುರುತಿಸುತ್ತಾರೆ.

1952ರ ಫೆಬ್ರವರಿ 6ರಂದು ತಂದೆ ತೀರಿಕೊಂಡಾಗ ಎಲಿಜಬೆತ್ ಕೀನ್ಯಾದಲ್ಲಿದ್ದರು. ಮರುದಿನ ಲಂಡನ್ ವಿಮಾನ ನಿಲ್ದಾಣದಲ್ಲಿ ಇಳಿದಾಗ ಮೆಟ್ಟಿಲ ಕೆಳಗೆ ಚರ್ಚಿಲ್ ಮತ್ತಿತರರು ಸಾಲಾಗಿ ಕಾದಿದ್ದರು. ಕಪ್ಪು ಕೋಟು ತೊಟ್ಟು, 25 ವರ್ಷದ ಹೊಸ ರಾಣಿ ಒಂಟಿಯಾಗಿ ಮೆಟ್ಟಿಲಿಳಿದು ಬಂದರು. ಆ ಕಪ್ಪಿನ ಮೇಲೆ ಇದ್ದದ್ದು ಮಕ್ಕಳು ಕೊಟ್ಟ ಆ ಹೂವು. ಕಲಿನನ್ ಚೂರುಗಳ ಮುಂದೆ ಇದರ ಬೆಲೆ ಏನೇನೂ ಅಲ್ಲ. ಆದರೂ ಇಡೀ ಪೆಟ್ಟಿಗೆಯಲ್ಲಿ ಮೊದಲ ಸ್ಥಾನ ಇದಕ್ಕೇ ಸಲ್ಲಬೇಕೆಂದು ನಾನು ಎದೆ ತಟ್ಟಿ ಹೇಳುತ್ತೇನೆ.

ರಾಣಿಯಾದವರು ಸಾರ್ವಜನಿಕವಾಗಿ ಮನಸ್ಸಿನ ಮಾತು ಆಡುವಂತಿಲ್ಲ. ಸಂದರ್ಶನ ಕೊಡುವುದು, ಪಕ್ಷ ವಹಿಸುವುದು ಎರಡೂ ಸಲ್ಲದು. ಎಪ್ಪತ್ತು ವರ್ಷ ಅವರು ಹೇಳಲಾಗದ ಎಷ್ಟೋ ಮಾತನ್ನು ಎಡ ಭುಜವೇ ಹೇಳಿತು. ಕೆನಡಾಕ್ಕೆ ಹೋದರೆ ಮೇಪಲ್ ಎಲೆ, ಆಸ್ಟ್ರೇಲಿಯಾಕ್ಕೆ ಹೋದರೆ ಹಳದಿ ವಜ್ರದ ವಾಟಲ್ ಹೂವು, ನ್ಯೂಜಿಲೆಂಡ್‌ಗೆ ಆಕ್ಲೆಂಡಿನ ಹೆಂಗಸರು ಕೊಟ್ಟ ಜರಿಗಿಡದ ಎಲೆ. ಮನೆಯ ಮಾತಿಗೂ ಒಡವೆ ಇತ್ತು. 1946ರಲ್ಲಿ ತೈಲದ ಹಡಗೊಂದನ್ನು ನೀರಿಗಿಳಿಸಿದ್ದಕ್ಕೆ ಉಡುಗೊರೆಯಾಗಿ ಬಂದ ನೀಲಮಣಿಯ ಸೇವಂತಿಗೆಯನ್ನು ಅವರು ಮದುವೆಯಾದ ಹೊಸತರಲ್ಲಿ ಬ್ರಾಡ್‌ಲ್ಯಾಂಡ್ಸ್ ಬಂಗಲೆಯಲ್ಲಿ ಪತಿ ಫಿಲಿಪ್ ಜೊತೆ ನಿಂತು ತೆಗೆಸಿಕೊಂಡ ಫೋಟೊದಲ್ಲಿ ತೊಟ್ಟಿದ್ದರು. ಮದುವೆಗೆ 60 ತುಂಬಿದಾಗ, 2007ರಲ್ಲಿ, ಗಂಡ ಹೆಂಡತಿ ಅದೇ ಜಾಗಕ್ಕೆ ಹೋಗಿ, ಅದೇ ಭಂಗಿಯಲ್ಲಿ ನಿಂತರು. ಇಬ್ಬರ ಕೂದಲೂ ಬೆಳ್ಳಗಾಗಿತ್ತು, ಸೇವಂತಿಗೆ ಮಾತ್ರ ಅದೇ ನೀಲಿ. 2021ರ ಏಪ್ರಿಲ್‌ನಲ್ಲಿ ಫಿಲಿಪ್ ಅಂತ್ಯಕ್ರಿಯೆಯ ದಿನ, ಕೊರೊನಾ ನಿಯಮದಂತೆ ಪ್ರಾರ್ಥನಾ ಮಂದಿರದ ಬೆಂಚಿನಲ್ಲಿ ಒಬ್ಬರೇ ಕೂತಿದ್ದ ರಾಣಿಯ ಕಪ್ಪು ಕೋಟಿನ ಮೇಲೆ ಇದ್ದದ್ದು ಮೇರಿ ರಾಣಿಗೆ 1893ರಲ್ಲಿ ರಿಚ್‌ಮಂಡ್ ಊರಿನವರು ಮದುವೆಗೆ ಕೊಟ್ಟ ಬ್ರೋಚ್.

ರಾಣಿ 2022ರ ಸೆಪ್ಟೆಂಬರ್ 8ರಂದು ತೀರಿಕೊಂಡರು. ಮುಂದಿನ ವರ್ಷದ ಮೇ 6ರಂದು ನಡೆದ, ಚಾರ್ಲ್ಸ್‌ನ ಪತ್ನಿ ಕೆಮಿಲಾ ರಾಣಿಯ ಪಟ್ಟಾಭಿಷೇಕಕ್ಕೆಂದು ಕಲಿನನ್‌ನ ಮೂರನೇ, ನಾಲ್ಕನೇ, ಐದನೇ ಹರಳುಗಳನ್ನು ಮೇರಿ ರಾಣಿಯ ಹಳೆಯ ಕಿರೀಟದಲ್ಲಿ ಕೂರಿಸಿದರು. ಕೊಹಿನೂರ್ ಇರುವ ಕಿರೀಟವನ್ನು ಅಂದು ಹೊರತೆಗೆಯಲಿಲ್ಲ, ಅದು ಸರಿಯಾದ ತೀರ್ಮಾನವೇ. ಆ ಕಿರೀಟ ಲಂಡನ್ ಟವರಿನ ಗಾಜಿನ ಪೆಟ್ಟಿಗೆಯಲ್ಲಿದೆ. ಅಲ್ಲಿಗೆ ಹೋಗುವ ನಮ್ಮವರೆಲ್ಲ ಅದರ ಮುಂದೆಯೇ ನಿಂತು ಬರುತ್ತಾರೆ. ನೀವು ಹೋದರೆ ರಾಜದಂಡದ ತಲೆಯನ್ನೂ ಬಿಡುವಾಗಿ ನೋಡಿ. ಅಲ್ಲಿರುವ 530 ಕ್ಯಾರೆಟ್‌ನ ಹರಳು, ಜೋಸೆಫ್ ಆಶರ್ ಒಡೆದ ಅದೇ ಕಲ್ಲಿನದು.